ರ‍್ಯಾಂಪ್ ಪಾಲಿಶ್ ಮಾಡಿಕೊಡ್ತೀನಿ ಅನ್ನೋರ ಕೈಗೆ ಪಿಸ್ತೂಲು ಕೊಡಬೇಡಿ

ಕೋಪ ಇನ್ನೂ ಇಳಿದಿಲ್ಲ. "ಗುಂಡು ಸಿಕ್ಕಿಕೊಳ್ತಿದೆಯಾ? ಮನೇಲೇ ಅರ್ಧ ಗಂಟೆ ಕೆಲಸ, ಬೆಣ್ಣೆ ಥರ ಓಡುತ್ತೆ" ಅನ್ನೋ ಮನುಷ್ಯ ನಿಮಗೂ ಸಿಗ್ತಾನೆ. ಸಿಕ್ಕರೆ ಕೈ ಮುಗಿದು ಕಳಿಸಿಬಿಡಿ.

ನನ್ನದು 1911 ಮಾದರಿಯ ಪಿಸ್ತೂಲು, .45 ಎಸಿಪಿ ಅನ್ನೋ ಗುಂಡಿನದು. ದುಂಡು ಮೂತಿಯ ಗುಂಡು ಹಾಕಿದರೂ ಆಗಾಗ ಅದು ಮೂತಿ ತಗ್ಗಿಸಿಕೊಂಡು ರ‍್ಯಾಂಪಿಗೆ (ಗುಂಡು ಬ್ಯಾರೆಲ್ ಒಳಕ್ಕೆ ಹತ್ತೋ ಇಳಿಜಾರು) ಗುದ್ದಿ, ಸ್ಲೈಡ್ (ಹಿಂದೆ ಮುಂದೆ ಓಡೋ ಮೇಲಿನ ಭಾಗ) ಅರ್ಧಕ್ಕೇ ನಿಲ್ತಿತ್ತು. ರೇಂಜಿನಲ್ಲಿ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡೋರು) ಅಂತಲೇ ಹೆಸರಾದವರೊಬ್ಬರು ನೋಡಿದರು. ಗುಂಡು ತುಂಬೋ ಮ್ಯಾಗಜೀನ್ ಕೈಗೆತ್ತಿಕೊಳ್ಳಲಿಲ್ಲ. ಯಾವ ಮ್ಯಾಗಜೀನಿನಲ್ಲಿ ನಿಲ್ಲುತ್ತೆ ಅಂತ ಕೇಳಲೂ ಇಲ್ಲ. ರ‍್ಯಾಂಪನ್ನು ಉಗುರಿನಲ್ಲಿ ಕೆರೆದು, "ಒರಟಿದೆ ಸಾರ್, ಫ್ಯಾಕ್ಟರಿಯವರು ಹೀಗೇ ಬಿಟ್ಟಿರ್ತಾರೆ" ಅಂದರು. ಮನೆಗೆ ಒಯ್ದರು. ವಾಪಸ್ ಬಂದಾಗ ಮುಖ ಕಾಣೋ ಹಾಗೆ ಹೊಳೀತಿತ್ತು. ಖುಷಿಯಿಂದ ದುಡ್ಡು ಎಣಿಸಿಕೊಟ್ಟೆ.

ರೇಂಜಿಗೆ ಹೋದರೆ ಮತ್ತೆ ಅದೇ ಕಥೆ, ಸ್ಲೈಡ್ ಅರ್ಧಕ್ಕೇ! ಜೊತೆಗೆ ಹೊಸದೊಂದು ರೋಗ. ಪಕ್ಕದ ಲೇನಿನವರು ನೆಲದ ಮೇಲಿದ್ದ ನನ್ನ ಖಾಲಿ ಕೇಸ್ (ಗುಂಡಿನ ಹಿತ್ತಾಳೆ ಕವಚ) ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದರು. ಬುಡದ ಹತ್ತಿರ ಒಂದೇ ಕಡೆ ಹೊಟ್ಟೆ ಉಬ್ಬಿತ್ತು. "ಇನ್ನೊಂದೂ ಹೊಡೀಬೇಡಿ ಸಾರ್" ಅಂದರು. ಎಲ್ಲರೂ ನನ್ನ ಕಡೆಗೇ ನೋಡ್ತಿದ್ದಾರೆ. ಆಗಿನ ಅವಮಾನ ಬೇಡಪ್ಪ ಬೇಡ.

ಆತ ಮಾಡಿದ್ದು ಪಾಲಿಶ್ ಅಲ್ಲ, ತುರಿದದ್ದು. 1911ರಲ್ಲಿ ರ‍್ಯಾಂಪಿನ ಕೆಳಭಾಗ ಫ್ರೇಮಿನಲ್ಲಿ (ಹಿಡಿಯಿರೋ ಒಡಲು), ಮೇಲ್ಭಾಗ ಬ್ಯಾರೆಲ್ಲಿನಲ್ಲಿ. ನಡುವೆ ಸುಮಾರು 0.8 ಮಿ.ಮೀ. ಅಂತರ ಬೇಕೇ ಬೇಕು, ಇಲ್ಲದಿದ್ದರೆ ಗುಂಡಿನ ಮೂತಿ ಬ್ಯಾರೆಲ್ ಅಂಚಿಗೆ ತಗುಲುತ್ತೆ. ಮಹಾನುಭಾವ ಅದನ್ನೇ ದೋಷ ಅಂದುಕೊಂಡು ಚಿಕ್ಕ ಗ್ರೈಂಡರ್ ಹಿಡಿದು ಫ್ರೇಮಿನ ಅಂಚನ್ನೂ ತಿಂದಿದ್ದಾನೆ, ಬ್ಯಾರೆಲ್ ಬಾಯನ್ನೂ ಆಳ ಮಾಡಿದ್ದಾನೆ. ಕೇಸಿನ ಬುಡಕ್ಕೆ ಚೇಂಬರಿನ (ಬ್ಯಾರೆಲ್ಲಿನಲ್ಲಿ ಗುಂಡು ಕೂರೋ ಜಾಗ) ಆಸರೆ ಇರೋದೇ ಅಲ್ಲಿ. ಈ ಗುಂಡಿಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡ್. ಆಸರೆ ಹೋದ ಕಡೆ ತಡೆಯೋದು ಬರೀ ಹಿತ್ತಾಳೆ. ಅದು ಸೀಳಿದರೆ ಬಿಸಿ ಗಾಳಿ ಮ್ಯಾಗಜೀನ್ ಮೂಲಕ ಕೆಳಗೆ ನುಗ್ಗುತ್ತೆ, ಅಂದರೆ ನನ್ನ ಕೈಯಿರೋ ಕಡೆಗೇ.

ಪಾಲಿಶ್ ಮಾಡಿದ ಆತನಿಗೆ ಫೋನ್ ಮಾಡಿದೆ. ಮೊದಲು, "ಸ್ವಲ್ಪ ಉಬ್ಬು ಎಲ್ಲರದ್ದೂ ಬರುತ್ತೆ ಸಾರ್." ಫೋಟೋ ಕಳಿಸಿದೆ. "ನಿಮ್ಮ ಗುಂಡೇ ಸರಿಯಿಲ್ಲ." ಗುಂಡು ಹಳೇ ಡಬ್ಬಿಯದ್ದೇ ಅಂದೆ. "ನಿಮ್ಮ ಮಣಿಕಟ್ಟು ಸಡಿಲ, ಹಿಡಿಯೋದು ಕಲೀಬೇಕು." ನನಗೆ ಹಿಡಿಯೋದು ಹೇಳಿಕೊಡ್ತಾನೆ! ಮಣಿಕಟ್ಟು ಸಡಿಲ ಇದ್ದರೆ ಸ್ಲೈಡ್ ನಿಲ್ಲಬಹುದು, ಕೇಸ್ ಉಬ್ಬುತ್ತಾ? ಇದನ್ನು ಕೇಳಿದ್ದಕ್ಕೆ ಒಂದಿಡೀ ದಿನ ಉತ್ತರವಿಲ್ಲ. ಆಮೇಲೆ ಬಂತು ನೋಡಿ: "ಹೊಸ ಬ್ಯಾರೆಲ್ ತಗೊಳ್ಳಿ, ಫಿಟ್ಟಿಂಗ್ ಚಾರ್ಜಲ್ಲಿ ಕಮ್ಮಿ ಮಾಡ್ತೀನಿ." ಕಮ್ಮಿ ಮಾಡ್ತಾನಂತೆ.

ಕೊನೆಗೆ ನಿಜವಾದ ಗನ್‌ಸ್ಮಿತ್ ಒಬ್ಬರು ಹಳೇ ಮ್ಯಾಗಜೀನನ್ನು ತಮ್ಮ 1911ಕ್ಕೆ ಹಾಕಿ ಹೊಡೆದರು. ಅಲ್ಲೂ ಹಾಗೇ ನಿಂತಿತು. ಒಳಗೆ ಗುಂಡನ್ನು ಮೇಲಕ್ಕೆ ತಳ್ಳೋ ಸ್ಪ್ರಿಂಗ್ ಬಿಚ್ಚಿ ಹೊಸದರ ಪಕ್ಕ ಇಟ್ಟು ತೋರಿಸಿದರು, ಎದ್ದು ಕಾಣುವಷ್ಟು ಗಿಡ್ಡ. ಒಂದು ಸ್ಪ್ರಿಂಗ್! ಅದಕ್ಕಾಗಿ ಬ್ಯಾರೆಲ್ ಹೋಯ್ತು, ಫ್ರೇಮ್ ರಿಪೇರಿಗೆ ಬಂತು.

ಮ್ಯಾಗಜೀನುಗಳಿಗೆ ನಂಬರ್ ಬರೆದಿಡಿ. ಒಂದೇ ನಂಬರಿನಲ್ಲಿ ನಿಲ್ತಿದ್ದರೆ ಅದರ ಸ್ಪ್ರಿಂಗ್, ತುಟಿ (ಗುಂಡನ್ನು ಹಿಡಿದಿಡೋ ಮೇಲಿನ ಅಂಚು) ಮೊದಲು ನೋಡಿಸಿ. ರ‍್ಯಾಂಪ್ ಸುದ್ದಿ ಕೊನೆಗೆ. ಅಲ್ಯೂಮಿನಿಯಂ ಫ್ರೇಮ್ ಆದರಂತೂ ಮುಟ್ಟಲೇ ಬಿಡಬೇಡಿ, ಮೇಲಿನ ಗಟ್ಟಿ ಪದರ ಹೋದರೆ ಒಳಗೆಲ್ಲ ಮೆತ್ತಗೆ. ಕೆಲಸಕ್ಕೆ ಮುಂಚೆ ಹತ್ತಿರದಿಂದ ಫೋಟೋ ತೆಗೆದಿಡಿ, ನನ್ನ ಹತ್ತಿರ ಅದಿಲ್ಲ ಅಂತಲೇ ಆತ ಇಷ್ಟು ಹಾರಾಡ್ತಿರೋದು.

ನಿನ್ನೆ ಮತ್ತೆ ಮೆಸೇಜು: "ಹಳೇ ಬ್ಯಾರೆಲ್ ನನಗೇ ಕೊಡಿ ಸಾರ್, ಬೇರೆ ಯಾರಿಗಾದ್ರೂ ಆಗುತ್ತೆ." ಕೊಡಲ್ಲ. ಅದನ್ನು ಗರಗಸದಲ್ಲಿ ಎರಡು ತುಂಡು ಮಾಡಿಸಿ ಆಯ್ತು.