ಬಿಸಿಲೆಯ ತೋಟದ ಮನೆಯೋ, ಮುಳ್ಳೋಡಿಯ ಹೆಂಚಿನ ಮನೆಯೋ?

ಫೋನ್ ಸಿಗದ ಕಡೆ ಹೋಗಿ ಎರಡು ದಿನ ಮಳೆ ನೋಡ್ಕೊಂಡು ಬಿದ್ದಿರಬೇಕು ಅನ್ನೋ ಹುಚ್ಚು ನನಗೂ ನನ್ನ ಭಾವನಿಗೂ ಒಟ್ಟಿಗೇ ಹಿಡಿಯಿತು. ಜುಲೈನಲ್ಲಿ ಬಿಸಿಲೆ ಕಡೆಯ ಒಂದು ಕಾಫಿ ತೋಟದ ಹೋಂಸ್ಟೇಗೆ ಹೋದೆವು, ಸೆಪ್ಟೆಂಬರಿನಲ್ಲಿ ಕುದುರೆಮುಖದ ಬುಡದಲ್ಲಿರುವ ಮುಳ್ಳೋಡಿಗೆ. ಫೋಟೋದಲ್ಲಿ ನೋಡಿದರೆ ಎರಡೂ ಒಂದೇ ಥರ: ಹೆಂಚಿನ ಮಾಡು, ಅಂಗಳದಲ್ಲಿ ಪಾಚಿ, ಹಿಂದೆ ಮಂಜು. ಫೋಟೋದಲ್ಲಿ ಕಾಣದಿರುವುದು ಕೊನೆಯ ನಾಲ್ಕಾರು ಕಿಲೋಮೀಟರ್. ಇಂಥ ಜಾಗಕ್ಕೆ ಹೊರಡುವವರು ಕೋಣೆ ನೋಡುವ ಮುಂಚೆ ಆ ದಾರಿ ವಿಚಾರಿಸಿಕೊಳ್ಳಬೇಕು ಅನ್ನೋದು ನನ್ನ ಮಾತು.

ಹಾಸನದವರಿಗೆ ಬಿಸಿಲೆ ಹತ್ತಿರ. ಸಕಲೇಶಪುರದವರೆಗೆ ಸುಮಾರು 40 ಕಿಲೋಮೀಟರ್ ಹೆದ್ದಾರಿ, ಆಮೇಲೆ ಹೆತ್ತೂರು, ವಣಗೂರು ಕೂಡುರಸ್ತೆ ಹಿಡಿದು ಹೋಗಬೇಕು. 'ನಿಮ್ಮ ಕಾರು ಸೀದಾ ಅಂಗಳಕ್ಕೇ ಬರುತ್ತೆ' ಎಂದಿದ್ದರು ಫೋನಿನಲ್ಲಿ. ಸುಳ್ಳಲ್ಲ, ಬೇಸಿಗೆಯಲ್ಲಿ ಬರುತ್ತೇನೋ. ತೋಟದ ಗೇಟು ದಾಟಿದ ಎರಡನೇ ತಿರುವಿನಲ್ಲೇ ನಮ್ಮ ಆಲ್ಟೋ ಹೊಟ್ಟೆ ಊರಿ ಕೂತಿತು. ಭಾವ ಇಳಿದು ತಳ್ಳಿದ. ಚಕ್ರ ಸುತ್ತಿದ್ದಷ್ಟೂ ಕೆಸರೆಲ್ಲ ಅವನ ಮುಖಕ್ಕೆ. ಕೊನೆಗೆ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟ್ರು ಇಬ್ಬರು ಆಳುಗಳನ್ನು ಕರ್ಕೊಂಡು ಬಂದು, ಚಕ್ರದಡಿಗೆ ಸಿಲ್ವರ್ ಓಕ್ ಕೊಂಬೆ ತುರುಕಿ, 'ಈಗ ನಿಧಾನಕ್ಕೆ ಬಿಡಿ ಸಾರ್, ರೇಸ್ ಮಾಡ್ಬೇಡಿ' ಅಂದರು. ಮುಕ್ಕಾಲು ಗಂಟೆ ಹೋಯಿತು.

ಮುಳ್ಳೋಡಿಯಲ್ಲಿ ಈ ತಾಪತ್ರಯವೇ ಇಲ್ಲ, ಯಾಕೆಂದರೆ ಕಾರಿನ ಆಸೆಯನ್ನೇ ಬಿಡಬೇಕು. ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ, ಕಳಸ. ಅಲ್ಲಿಂದ ಸಂಸೆ ದಾಟಿ ಬಾಳೆಗಲ್‌ನಲ್ಲಿ ಗಾಡಿ ನಿಲ್ಲಿಸಿದರೆ ಮುಂದೆ ಜೀಪಿನದೇ ರಾಜ್ಯ. ಸುಮಾರು ಆರು ಕಿಲೋಮೀಟರಿಗೆ ಅರ್ಧ ಗಂಟೆಯ ಮೇಲೇ ಹಿಡಿಯುತ್ತದೆ. ಬಾಡಿಗೆ ತಲೆಗಲ್ಲ, ಜೀಪಿಗೆ; ಇಬ್ಬರೇ ಇದ್ದರೆ ಬೇರೆ ಗುಂಪು ಬರೋವರೆಗೆ ಕಾದು ಸೇರಿಕೊಳ್ಳುವುದು ಲಾಭ. ನಮ್ಮ ಜೀಪಿನಲ್ಲಿ ಏಳು ಜನ, ಎರಡು ಗ್ಯಾಸ್ ಸಿಲಿಂಡರ್, ಒಂದು ಚೀಲ ಹಿಂಡಿ. ಭಾವ ಹಿಂಡಿ ಚೀಲದ ಮೇಲೆ ಕೂತ. ಒಂದು ಕಡೆ ಚಕ್ರ ಚರಂಡಿಯ ಅಂಚಿಗೆ ಜಾರಿದಾಗ ನಾನು ಉಸಿರು ಬಿಗಿಹಿಡಿದೆ. ಡ್ರೈವರ್ ಹಿಂದೆ ತಿರುಗಿ, 'ಹೆದ್ರಬೇಡಿ ಮಾರಾಯ್ರೆ, ಜೀಪಿಗೆ ದಾರಿ ಗೊತ್ತುಂಟು' ಎಂದ. ಅವನು ಮುಂದೆ ನೋಡಿದ್ದರೆ ಇನ್ನೂ ಧೈರ್ಯ ಬರುತ್ತಿತ್ತು.

ಕರೆಂಟಿನ ವಿಷಯಕ್ಕೆ ಬಂದರೆ, ಬಿಸಿಲೆಯಲ್ಲಿ ನಾವು ಹೋದ ಸಂಜೆಯೇ ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಮುಂಗಡ ತಗೊಳ್ಳುವಾಗ ಜನರೇಟರ್ ಹೊಗಳಿದವರು ಡೀಸೆಲ್ ಸುದ್ದಿ ಎತ್ತಿರಲಿಲ್ಲ. ಮುಳ್ಳೋಡಿಯ ಮನೆಯಲ್ಲಿ ಹಳ್ಳದ ನೀರಿಗೆ ಪೈಪು ಹಾಕಿ, ಕೆಳಗೆ ಬಕೆಟ್ಟಿನಷ್ಟು ದೊಡ್ಡ ಟರ್ಬೈನ್ ಕೂರಿಸಿದ್ದರು. ಮಳೆ ಜೋರಾದಷ್ಟೂ ದೀಪಕ್ಕೆ ಯೋಗ. ರಾತ್ರಿ ಊಟದ ನಡುವೆ ಬಲ್ಬು ಮಂಕಾಯಿತು. ಮನೆಯ ಯಜಮಾನರು ತಟ್ಟೆ ಬಿಟ್ಟು ಕೊಡೆ ಹಿಡಿದು ಹೋದರು. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತ್ತಂತೆ. ಐದು ನಿಮಿಷಕ್ಕೆ ಬೆಳಕು ಮತ್ತೆ ಏರಿತು.

ಊಟದಲ್ಲಿ ಮಾತ್ರ ಬಿಸಿಲೆಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಕಡುಬು, ನಾಟಿಕೋಳಿ ಸಾರು, ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿದ ಕಳಲೆಯ (ಎಳೆ ಬಿದಿರಿನ) ಪಲ್ಯ. 'ನೆನೆಸದೆ ಮಾಡಿದ್ರೆ ನಂಜು ಕಣಪ್ಪ' ಎಂದು ಅಡುಗೆಯ ಹೆಂಗಸು ಬಡಿಸುತ್ತಲೇ ಪಾಠ ಹೇಳಿದರು. ಮುಳ್ಳೋಡಿಯಲ್ಲಿ ಅನ್ನ, ಸಾರು, ಹಲಸಿನ ಹಪ್ಪಳ, ಉಪ್ಪಿನಕಾಯಿ. ಬಚ್ಚಲಿನ ಹಂಡೆ ನೀರು ಎರಡೂ ಕಡೆ ಸುಡುಸುಡು.

ನಡೆಯೋಕೆ ಹೋಗುವವರಿಗೆ ಲೆಕ್ಕ ಬೇರೆ. ಬಿಸಿಲೆಯ ವ್ಯೂಪಾಯಿಂಟಿನಿಂದ ಎದುರಿಗೆ ಕುಮಾರ ಪರ್ವತ ಕಾಣಬೇಕು; ನಮಗೆ ಕಂಡದ್ದು ಕಬ್ಬಿಣದ ಬೇಲಿ, ಅದರಾಚೆ ಬಿಳುಪು. ಮಂಕನಹಳ್ಳಿಯ ರಿಡ್ಜ್, ಅಂದರೆ ಮಳೆನೀರು ಎರಡು ಕಡೆಗೆ ಹಂಚಿಹೋಗುವ ಬೆಟ್ಟದ ಏಣಿನ ಹತ್ತಿರ ನಿಂತು, ಈ ಕಡೆ ಬಿದ್ದ ಹನಿ ಹೇಮಾವತಿ ಸೇರಿ ಬಂಗಾಳ ಕೊಲ್ಲಿಗೆ, ಆ ಕಡೆ ಬಿದ್ದದ್ದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ ಅಂತ ಕೊಡೆಯ ತುದಿಯಿಂದ ನೀರು ಹಂಚಿ ಆಟವಾಡಿದೆವು. ಸಂಜೆ ಆರಾದ ಮೇಲೆ ಗೇಟಿನಾಚೆ ಹೋಗಬೇಡಿ ಎಂದು ರೈಟ್ರು ತಾಕೀತು ಮಾಡಿದ್ದರು. ಆ ಸೀಮೆಯಲ್ಲಿ ಆನೆ ಎಲ್ಲಿದೆ ಅನ್ನೋ ಮೆಸೇಜು ನೋಡದೆ ಯಾರೂ ಮನೆ ಬಿಡುವುದಿಲ್ಲ.

ಕುದುರೆಮುಖ ಹತ್ತಲು ಅರಣ್ಯ ಇಲಾಖೆಯಲ್ಲಿ ಮೊದಲೇ ಆನ್‌ಲೈನ್ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ. ಕಾಡಿನೊಳಗೆ ಟೆಂಟ್ ಹಾಕುವಂತಿಲ್ಲ, ಹಾಗಾಗಿ ಬುಡದ ಮನೆಗಳೇ ಗತಿ. ಹೋಗಿ ಬರುವುದು ಸೇರಿ 18–20 ಕಿಲೋಮೀಟರ್. ಒಂಟಿಮರ ಅನ್ನೋ ಜಾಗ ದಾಟಿದ ಮೇಲೆ ಹುಲ್ಲುಗಾವಲು ಬಿಚ್ಚಿಕೊಳ್ಳುತ್ತದೆ, ಬೆಟ್ಟದ ಮಡಿಲುಗಳಲ್ಲಿ ಮಾತ್ರ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಕಾಡು. ಹಳ್ಳ ದಾಟುವಾಗಲೆಲ್ಲ ಶೂ ಬಿಚ್ಚುವ ನಾಜೂಕು ಎರಡನೇ ಹಳ್ಳಕ್ಕೇ ಮುಗಿಯಿತು. ತುದಿಯಲ್ಲಿ ಗಾಳಿ ಎಷ್ಟಿತ್ತೆಂದರೆ ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಬಂಡೆಗೆ ಬೆನ್ನು ಕೊಟ್ಟು, ಡಬ್ಬಿಯನ್ನು ಎದೆಗವುಚಿಕೊಂಡು ತಿಂದೆವು. ಇಳಿದು ಬಂದ ಮೇಲೆ ಅದೇ ಸಪ್ಪೆ ಸಾರನ್ನು ಮೂರು ಸಲ ಹಾಕಿಸಿಕೊಂಡೆ.

ರಕ್ತ ಹೀರುವ ಇಂಬಳದ (ಜಿಗಣೆ) ವಿಷಯದಲ್ಲಿ ಎರಡೂ ಊರು ಸಮಸಮ. ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಸವರಿಕೊಂಡಿದ್ದೆವು. ಮಳೆ ತೊಳೆದುಕೊಂಡು ಹೋಯಿತು. ಭಾವನ ಸೊಂಟದಲ್ಲಿ ಒಂದು, ಮನೆಗೆ ಬಂದ ಮೇಲೆ ಅಕ್ಕನ ಕೈಗೆ ಸಿಕ್ಕಿತು.

ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರ್ಕೊಂಡು ಹೋಗುವುದಾದರೆ ನಾನು ಬಿಸಿಲೆಗೇ ಹೋಗುತ್ತೇನೆ, ಆದರೆ ಮಳೆ ತಗ್ಗಿದ ಮೇಲೆ, ಡೀಸೆಲ್ ಇದೆಯಾ ಅಂತ ಎರಡು ಸಲ ಕೇಳಿಕೊಂಡು. ನನ್ನ ಮಟ್ಟಿಗೆ ಮುಳ್ಳೋಡಿಯೇ ಸರಿ. ಬಾಳೆಗಲ್‌ನಲ್ಲಿ ಕಾರಿನ ಕೀಲಿ ಜೇಬಿಗಿಟ್ಟ ಮೇಲೆ ಎರಡು ದಿನ ವಾಪಸ್ ಹೋಗುವ ಯೋಚನೆಯೇ ಬರಲಿಲ್ಲ. ಬಿಸಿಲೆಯಲ್ಲಿ ಪ್ರತಿ ಗಂಟೆಗೂ ಕಿಟಕಿಯಿಂದ ಕಾರು ಹೂತಿದೆಯಾ ಅಂತ ನೋಡುತ್ತಿದ್ದೆ. ಈ ಸಲ ಮತ್ತೆ ಹೋಗೋಣ ಎಂದಿದ್ದಾನೆ ಭಾವ, ಹಿಂಡಿ ಚೀಲದ ಮೇಲೆ ಕೂರುವ ಸರದಿ ನನ್ನದು ಅನ್ನೋ ಷರತ್ತಿನ ಮೇಲೆ.