ಸಿಇಟಿ ಗಣಿತಕ್ಕೆ ಆನ್‌ಲೈನ್ ಟೆಸ್ಟ್ ಸೀರೀಸ್: ಒಂದು ವರ್ಷ ಬಳಸಿದ ಮೇಲೆ

ಮೊದಲ ಸಲ ಸಿಇಟಿ ಬರೆದಾಗ ನನ್ನ ತಮ್ಮನಿಗೆ ಗಣಿತದಲ್ಲಿ ಬಂದಿದ್ದು 60ಕ್ಕೆ 18. ಪಿಯುಸಿಯಲ್ಲಿ ಅವನ ಗಣಿತ ಚೆನ್ನಾಗೇ ಇತ್ತು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಹಿಡಿಯುತ್ತಾರಲ್ವಾ, ಅದಕ್ಕೇ ಇನ್ನೊಂದು ಸಲ ಬರೆಯಲಿ ಅಂದುಕೊಂಡೆವು. ಸೋಮವಾರಪೇಟೆಯಿಂದ ಮೈಸೂರಿಗೆ ಕಳಿಸಿ ಹಾಸ್ಟೆಲ್, ಕೋಚಿಂಗ್ ಅಂತ ಖರ್ಚು ಮಾಡುವ ಸ್ಥಿತಿ ಇರಲಿಲ್ಲ. ಹೀಗಾಗಿ ಆನ್‌ಲೈನ್ ಟೆಸ್ಟ್ ಸೀರೀಸ್ ತೆಗೆದುಕೊಂಡೆವು. ನಾನು ಬಿ.ಎಸ್ಸಿ. ಓದಿದವಳು, ಸಂಜೆ ಹೊತ್ತು ಅವನ ಜೊತೆ ಕೂರುತ್ತಿದ್ದೆ.

ಇದರಲ್ಲಿ ನಿಜಕ್ಕೂ ದುಡ್ಡಿಗೆ ಬೆಲೆ ಬಂದಿದ್ದು ಟೈಮ್ ರಿಪೋರ್ಟಿನಿಂದ. ಯಾವ ಪ್ರಶ್ನೆಗೆ ಎಷ್ಟು ಸೆಕೆಂಡ್ ಹೋಯಿತು ಅಂತ ಸಾಲಾಗಿ ತೋರಿಸುತ್ತದೆ. 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡ್. ತಮ್ಮನ ಇಂಟಿಗ್ರೇಷನ್ ಉತ್ತರಗಳು ಸರಿಯಾಗೇ ಇದ್ದವು, ಆದರೆ ಒಂದೊಂದಕ್ಕೂ ನಾಲ್ಕೈದು ನಿಮಿಷ. ಕೊನೆಯ ಪ್ರಶ್ನೆಗಳನ್ನು ಓದಲೂ ಟೈಮ್ ಸಿಗುತ್ತಿರಲಿಲ್ಲ.

ಒಂದು ಲೆಕ್ಕ ನೋಡಿ. ಸೊನ್ನೆಯಿಂದ ಪೈ ಬೈ 2ರವರೆಗೆ ಇಂಟಿಗ್ರೇಷನ್. ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್. ಅವನು ಸಬ್‌ಸ್ಟಿಟ್ಯೂಷನ್ ಹಿಡಿದು ಒಂದು ಪುಟ ತುಂಬಿಸಿದ. ಎಕ್ಸ್ ಜಾಗದಲ್ಲಿ ಪೈ ಬೈ 2 ಮೈನಸ್ ಎಕ್ಸ್ ಹಾಕಿದರೆ ಸೈನ್, ಕಾಸ್ ಅದಲುಬದಲಾಗುತ್ತವೆ. ಎರಡನ್ನೂ ಕೂಡಿಸಿದರೆ ಒಳಗೆ ಉಳಿಯೋದು ಬರೀ 1, ಅದರ ಇಂಟಿಗ್ರೇಷನ್ ಪೈ ಬೈ 2. ಅದು ನಮಗೆ ಬೇಕಾದದ್ದರ ಎರಡು ಪಟ್ಟು, ಹಾಗಾಗಿ ಉತ್ತರ ಪೈ ಬೈ 4, ಅರ್ಧ ನಿಮಿಷದ ಕೆಲಸ. ಬೋರ್ಡ್ ಪರೀಕ್ಷೆಗೆ ಸ್ಟೆಪ್ಸ್ ಬರೆದು ಅಭ್ಯಾಸವಾದ ಮಕ್ಕಳಿಗೆ ಈ ದಾರಿ ತಾನಾಗಿ ಹೊಳೆಯೋದಿಲ್ಲ, ಯಾರಾದರೂ ತೋರಿಸಬೇಕು. ರಿಪೋರ್ಟಿನಲ್ಲಿ ಜಾಸ್ತಿ ಟೈಮ್ ತಿಂದ ಲೆಕ್ಕಗಳನ್ನೇ ಆರಿಸಿ ಮತ್ತೆ ಮಾಡಿಸಿದೆ. ಅಲ್ಲಿಂದ ಅಂಕ ಏರತೊಡಗಿತು. ಫಸ್ಟ್ ಪಿಯು ಪಾಠಗಳಿಗೂ ಬೇರೆ ಟೆಸ್ಟ್ ಇತ್ತು, ಅದೂ ಉಪಯೋಗವಾಯಿತು.

ಇನ್ನು ಬೇಸರದ ವಿಷಯ. ಈ ಟೆಸ್ಟ್ ಸೀರೀಸ್‌ನವರು ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ! ಅದು ಜೆಇಇ, ಅಂದರೆ ಐಐಟಿ, ಎನ್‌ಐಟಿ ಸೇರಲು ಬರೆಯುವ ಪರೀಕ್ಷೆಯ ಪದ್ಧತಿ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲವೇ ಇಲ್ಲ. ಇದರಿಂದ ನನ್ನ ತಮ್ಮ, ಅನುಮಾನ ಬಂದ ಪ್ರಶ್ನೆಗಳನ್ನೆಲ್ಲ ಖಾಲಿ ಬಿಡಲು ಶುರು ಮಾಡಿದ. ಸಿಇಟಿಗೆ ಅಂತ ಹೇಳಿಯೇ ದುಡ್ಡು ತೆಗೆದುಕೊಂಡು ಮಕ್ಕಳಿಗೆ ಇಂಥ ಅಭ್ಯಾಸ ಹಿಡಿಸಬಾರದು. ಕಸ್ಟಮರ್ ಕೇರ್‌ಗೆ ಬರೆದೆ. ತಿಳಿಸುತ್ತೇವೆ ಅಂದರು, ಏನೂ ಬದಲಾಗಲಿಲ್ಲ.

ಮಳೆಗಾಲದ ಕಥೆ ಕೊಡಗಿನವರಿಗೆ ಹೇಳಬೇಕಿಲ್ಲ. ಲೈನ್ ಮೇಲೆ ಮರ ಬಿತ್ತೆಂದರೆ ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ, ಟವರ್ ಕೂಡ ಹೋಗುತ್ತದೆ. ವಿಡಿಯೊ ಡೌನ್‌ಲೋಡ್ ಆಗುತ್ತದೆ, ಆದರೆ ಟೆಸ್ಟ್ ಆಗೋದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಟ್ಟ ದುಡ್ಡು ಅರ್ಧಕ್ಕರ್ಧ ಸುಮ್ನೆ ಹೋಯಿತು.

ಆಗ ಕೈಹಿಡಿದಿದ್ದು ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನ ಹಳೆಯ ಪ್ರಶ್ನೆಪತ್ರಿಕೆಗಳು. ಪುಕ್ಕಟೆ ಸಿಗುತ್ತವೆ, ಕೀ ಉತ್ತರವೂ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಜೊತೆಗೆ ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆ ಇಟ್ಟು, ಬಾಲ್ ಪೆನ್ನಿನಲ್ಲಿ ತುಂಬಿಸಿದೆ. ವೃತ್ತ ತುಂಬಲು ಹಿಡಿಯುವ ಸಮಯ ಮೊಬೈಲಿನಲ್ಲಿ ಗೊತ್ತೇ ಆಗೋದಿಲ್ಲ. ಈಗಿನ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳನ್ನು ಮೊದಲೇ ಹೊಡೆದುಹಾಕಿ. 2024ರ ಸಿಇಟಿಯಲ್ಲೇ ಸಿಲೆಬಸ್ ಹೊರಗಿನವು ಅಂತ ಎಲ್ಲಾ ವಿಷಯ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟಿದ್ದರು.

ಎರಡನೇ ಸಲ ಗಣಿತದಲ್ಲಿ 34 ಬಂತು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಟೈಮ್ ರಿಪೋರ್ಟಿಗೆ. ತೆಗೆದುಕೊಳ್ಳುವವರು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಆರು ತಿಂಗಳ ಪ್ಯಾಕ್ ಮಾತ್ರ ತೆಗೆದುಕೊಳ್ಳಿ. ದುಡ್ಡು ಕಟ್ಟುವ ಮೊದಲು ಡೆಮೊ ಟೆಸ್ಟಿನಲ್ಲಿ ಒಂದು ತಪ್ಪು ಉತ್ತರ ಒತ್ತಿ, ಅಂಕ ಕಳೆಯುತ್ತಾರಾ ನೋಡಿ.