ಹೊಡೆತ ತಿಂದ ಸಿದ್ದಿ ಮಕ್ಕಳಿಗೆ 1098 ಎಷ್ಟು ಆಸರೆ?

ಕಲಘಟಗಿ ತಾಲೂಕಿನ ಕಾಡಂಚಿನ ಊರುಗಳಿಂದ, ಆಚೆ ಹಳಿಯಾಳ, ಯಲ್ಲಾಪುರದಿಂದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಓದಲು ಹುಬ್ಬಳ್ಳಿ–ಧಾರವಾಡಕ್ಕೆ ಬರುತ್ತಾರೆ. ಮೈಬಣ್ಣ, ಗುಂಗುರು ಕೂದಲು ನೋಡಿ "ಯಾವ ದೇಶದವನಲೇ" ಎಂದು ಶುರುವಾಗುವ ಕೀಟಲೆ ಕೈ ಮಾಡುವ ಮಟ್ಟಕ್ಕೆ ಹೋದಾಗ ಒತ್ತಬೇಕಾದ ನಂಬರ್ 1098, ಮಕ್ಕಳ ಸಹಾಯವಾಣಿ. 18 ತುಂಬದ ಯಾವುದೇ ಮಗುವಿಗಾಗಿ ಯಾರು ಬೇಕಾದರೂ ಹಗಲು ರಾತ್ರಿ ಪುಕ್ಕಟೆ ಕರೆ ಮಾಡಬಹುದು. ಇಷ್ಟರ ಮಟ್ಟಿಗೆ ಇದಕ್ಕಿಂತ ಸುಲಭದ ಸೇವೆ ಇನ್ನೊಂದಿಲ್ಲ.

1996ರಲ್ಲಿ ಮುಂಬೈಯಲ್ಲಿ ಹುಟ್ಟಿ ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಹೆಗಲ ಮೇಲೆ ನಡೆದ ಈ ಸಹಾಯವಾಣಿ 2023ರಲ್ಲಿ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕೈಗೆ ಬಂತು, ತುರ್ತು ನೆರವಿನ 112ರ ಜತೆ ಜೋಡಣೆಯಾಯಿತು. ಈಗ ಕರೆ ಮೊದಲು ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಅಗತ್ಯ ಬಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ. ಪೊಲೀಸ್ ನೆರವು ಕೂಡಿಕೊಳ್ಳಲು ಇದು ಒಳ್ಳೆಯ ದಾರಿ. ಆದರೆ ಓಣಿಯ ಹೆಸರಷ್ಟೇ ಹೇಳಿದರೆ ದೂರದಲ್ಲಿ ಕುಳಿತವರಿಗೆ ಜಾಗ ತಿಳಿಯುವುದಿಲ್ಲ. ಹಾಸ್ಟೆಲ್ಲಿನ ಪೂರ್ತಿ ಹೆಸರು, ಹತ್ತಿರದ ಸರ್ಕಲ್, ಯಾವ ಠಾಣೆಯ ಹದ್ದು ಎಂಬುದನ್ನು ಬಿಡಿಸಿ ಹೇಳಿ. ಹುಬ್ಬಳ್ಳಿ, ಧಾರವಾಡ ನಗರಗಳು ಪೊಲೀಸ್ ಕಮಿಷನರ್ ಕೆಳಗೆ, ಕಲಘಟಗಿ ಜಿಲ್ಲಾ ಎಸ್ಪಿ ಕೆಳಗೆ. ಹೊಡೆತ ಇನ್ನೂ ನಡೆಯುತ್ತಿದ್ದರೆ 1098 ಬೇಡ, ನೇರ 112.

ಈ ಸೇವೆಯ ದೊಡ್ಡ ಕೊರತೆ ಇನ್ನೊಂದು ಕಡೆ ಇದೆ. 1098ರ ಕಣ್ಣಿಗೆ ಬೀಳುವುದು 'ಮಗು'. ಆ ಮಗು ಸಿದ್ದಿ ಎಂಬ ಕಾರಣಕ್ಕೇ ಏಟು ಬಿತ್ತು ಎಂಬುದು ಕರೆ ಮಾಡಿದವರ ಬಾಯಿಂದ ಬಾರದಿದ್ದರೆ ಅದು 'ಹುಡುಗರ ಜಗಳ' ಆಗಿಬಿಡುತ್ತದೆ. ಉತ್ತರ ಕನ್ನಡದ ಸಿದ್ದಿಗಳಿಗೆ ಮೊದಲೇ ಇದ್ದ ಪರಿಶಿಷ್ಟ ಪಂಗಡದ ಸ್ಥಾನ ಧಾರವಾಡ, ಬೆಳಗಾವಿ ಜಿಲ್ಲೆಯವರಿಗೆ ಸಿಕ್ಕಿದ್ದು 2020ರಲ್ಲಿ. ಹಿಂದೂ, ಮುಸ್ಲಿಂ, ಕ್ರೈಸ್ತ ಯಾವ ಸಿದ್ದಿಯಾದರೂ ಸರಿ, ಪಂಗಡದ ಪಟ್ಟಿಗೆ ಧರ್ಮದ ಕಟ್ಟಿಲ್ಲ. ಅಂದರೆ 1989ರ ದೌರ್ಜನ್ಯ ತಡೆ ಕಾಯ್ದೆ ಈ ಮಕ್ಕಳ ಬೆನ್ನಿಗಿದೆ. ಆದ್ದರಿಂದ 1098 ಜತೆಗೆ ಅದೇ ದಿನ 14566ಕ್ಕೂ ಕರೆ ಮಾಡಿ. 2021ರ ಡಿಸೆಂಬರ್‌ನಲ್ಲಿ ಶುರುವಾದ ಇದು ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆಂದೇ ಇರುವ ಸಹಾಯವಾಣಿ. ಎರಡೂ ಕಡೆಯ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಠಾಣೆಯಲ್ಲಿ ಫಿರ್ಯಾದಿ ಬರೆಸುವಾಗ ಬೈದ ಮಾತನ್ನು ಬೈದ ಹಾಗೇ ಬರೆಸಿ. 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಬರೆದುಬಿಟ್ಟರೆ ಕೇಸಿನ ಜೀವವೇ ಹೋಯಿತು. ಜಾತಿ ನಿಂದನೆಯ ಕಲಮು ನಿಲ್ಲಬೇಕಾದರೆ ಅದು ನಾಲ್ಕು ಜನರ ಎದುರು ನಡೆದಿರಬೇಕು, ಹಾಗಾಗಿ ಮೆಸ್ಸಿನಲ್ಲಿ, ಕಾರಿಡಾರಿನಲ್ಲಿ ಯಾರ‍್ಯಾರು ಕೇಳಿಸಿಕೊಂಡರು ಎಂಬುದೂ ಬರಲಿ. ಹೊಡೆದವನಿಗೆ ಈ ಹುಡುಗನ ಅಥವಾ ಮನೆಯವರ ಪರಿಚಯ ಮೊದಲೇ ಇದ್ದರೆ ಅದನ್ನೂ ಸೇರಿಸಿ. ಪರಿಚಯವಿದ್ದರೆ ಜಾತಿ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಜಾತಿ ಪ್ರಮಾಣಪತ್ರ ಇಲ್ಲವೆಂದು ವಾಪಸ್ ಬರಬೇಡಿ, ಎಫ್‌ಐಆರ್ ಮೊದಲು ಆಗಲಿ, ನಾಡಕಚೇರಿಗೆ ಅರ್ಜಿ ಆಮೇಲೆ ಹಾಕಿದರಾಯಿತು. 'ನಮ್ಮ ಹದ್ದಿನದಲ್ಲ' ಎಂಬ ಮಾತೂ ಈಗ ನಡೆಯದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎಲ್ಲಿ ನಡೆದ ಅಪರಾಧವನ್ನಾದರೂ ಯಾವುದೇ ಠಾಣೆ ಬರೆದುಕೊಳ್ಳಬೇಕು, ಪ್ರತಿ ಪುಕ್ಕಟೆ ಕೊಡಬೇಕು. ದೌರ್ಜನ್ಯ ಕೇಸಿನ ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಹುಬ್ಬಳ್ಳಿ–ಧಾರವಾಡ ನಗರದಲ್ಲಿ ಆ ದರ್ಜೆ ಎಂದರೆ ಎಸಿಪಿ.

ಗಂಟು ಬೀಳುವುದು ಹೊಡೆದವನೂ 18ರ ಒಳಗಿನವನಾದಾಗ. ಹಾಸ್ಟೆಲ್ ಹೊಡೆದಾಟದಲ್ಲಿ ಬಹಳ ಸಲ ಹಾಗೇ ಇರುತ್ತದೆ. ಬಾಲನ್ಯಾಯ ನಿಯಮದಂತೆ ಘೋರ ಅಪರಾಧ ಬಿಟ್ಟರೆ, ಅಥವಾ ದೊಡ್ಡವರೂ ಸೇರಿ ಮಾಡಿದ್ದು ಬಿಟ್ಟರೆ, ಬಾಲಕನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು ಬಾಲನ್ಯಾಯ ಮಂಡಳಿಗೆ ವರದಿ ಕಳಿಸುತ್ತಾರೆ. ತಪ್ಪು ಮಾಡಿದ ಮಗುವನ್ನು ಉಳಿಸಿಕೊಳ್ಳುವ ಈ ನಿಯಮ ಸರಿಯಾದದ್ದೇ. ಆದರೆ ದೌರ್ಜನ್ಯ ತಡೆ ಕಾಯ್ದೆಯಡಿ ಸಿಗುವ ಪರಿಹಾರದ ಮೊದಲ ಕಂತು ಹೆಚ್ಚಿನ ಅಪರಾಧಗಳಲ್ಲಿ ಎಫ್‌ಐಆರ್ ಹಂತಕ್ಕೆ ಅಂಟಿಕೊಂಡಿರುವುದರಿಂದ ಏಟು ತಿಂದ ಮಗು ಬರಿಗೈಯಲ್ಲಿ ಉಳಿಯುತ್ತದೆ. ಇಬ್ಬರೂ ಮಕ್ಕಳೇ ಆದಾಗ ಏನು ಎಂಬುದಕ್ಕೆ ಈ ವ್ಯವಸ್ಥೆಯಲ್ಲಿ ನೆಟ್ಟಗಿನ ಉತ್ತರವಿಲ್ಲ, ಇದನ್ನು ತಿದ್ದಲೇಬೇಕು. ಸದ್ಯಕ್ಕೆ ದಿನಚರಿಯ ನಂಬರ್ ಕೇಳಿ ಪಡೆಯಿರಿ, ಮಕ್ಕಳ ಕಲ್ಯಾಣ ಸಮಿತಿಗೆ ಬೇರೆಯೇ ಅರ್ಜಿ ಕೊಡಿ.

ಗಾಯವಾಗಿದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಧಾರವಾಡದ ಜಿಲ್ಲಾಸ್ಪತ್ರೆಗೋ ಅದೇ ದಿನ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ) ಮಾಡಿಸಿ. ಬಾವು ಇಳಿದ ಮೇಲೆ ವೈದ್ಯರಿಗೆ ಬರೆಯಲು ಏನೂ ಉಳಿಯುವುದಿಲ್ಲ. ಕಪ್ಪು ಚರ್ಮದ ಮೇಲೆ ಏಟಿಗೆ ಕಂದಿದ ಗುರುತು ಬೇಗ ಕಾಣದು, ಎಲ್ಲೆಲ್ಲಿ ನೋವಿದೆ ಎಂದು ಮುಟ್ಟಿ ತೋರಿಸಲು ಹುಡುಗನಿಗೆ ಹೇಳಿ. ಲೈಂಗಿಕ ಹಿಂಸೆಯಾದರೆ ಪೋಕ್ಸೊ: ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಮವಸ್ತ್ರ ಇಲ್ಲದೆ ಪಡೆಯಬೇಕು. ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಿದೆ.

ಇಷ್ಟೆಲ್ಲ ಬರೆಸುವುದಕ್ಕೆ ಇನ್ನೊಂದು ಕಾರಣವಿದೆ. ಅಮೆರಿಕದಲ್ಲಿ 1973ರಿಂದ 12 ದಾಟಿದವರನ್ನು ನೇರವಾಗಿ ಕೇಳಿ, ಪೊಲೀಸರಿಗೆ ಹೇಳದ ಏಟನ್ನೂ ಎಣಿಸುವ ಸಮೀಕ್ಷೆಯಿದೆ. ಆ ಅಂಕಿಗಳನ್ನು ಬಿಡಿಸಿ ನೋಡಿದಾಗ, ಕರಿಯ, ಲ್ಯಾಟಿನೊ, ಬಿಳಿಯ ಹದಿಹರೆಯದವರ ನಡುವಿನ ಅಪಾಯದ ಅಂತರ ಬಹುಪಾಲು ಅವರ ಮನೆಯ ಸ್ಥಿತಿ, ಓಣಿಯ ಬಡತನದಿಂದ ಬಂದದ್ದೆಂದು ತಿಳಿಯಿತು. ನಮ್ಮ ರಾಷ್ಟ್ರೀಯ ಅಪರಾಧ ವರದಿ ಎಣಿಸುವುದು ಠಾಣೆಗೆ ಬಂದದ್ದನ್ನು ಮಾತ್ರ, ಅದರಲ್ಲೂ ಪಂಗಡಗಳನ್ನೆಲ್ಲ ಒಂದೇ ಗಂಟಿನಲ್ಲಿ. ಸಿದ್ದಿ ಹುಡುಗನ ಅಪಾಯ ಎಷ್ಟು, ಎಲ್ಲಿ ಎಂದು ಅದರಿಂದ ತಿಳಿಯುವ ಹಾಗಿಲ್ಲ. 1098ಕ್ಕೆ ಐದರಲ್ಲಿ ಮೂರೇ ಅಂಕ ಕೊಡಲು ಇದೂ ಒಂದು ಕಾರಣ: ಕರೆಗಳ ಲೆಕ್ಕವನ್ನು ತಾಲೂಕು, ಸಮುದಾಯವಾರು ಬಿಡಿಸಿ ಪ್ರಕಟಿಸಿದರೆ ಯಾವ ಹಾಸ್ಟೆಲ್ಲಿಗೆ, ಯಾವ ಬಸ್ ಮಾರ್ಗಕ್ಕೆ ಕಾವಲು ಬೇಕೆಂದು ಕಾಣುತ್ತಿತ್ತು.

ಹೊಡೆದ ವಿಡಿಯೊ ಕೈಗೆ ಸಿಕ್ಕರೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯಂತೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂಲ ಫೈಲನ್ನು ಅಳಿಸದೆ ಅದೇ ಫೋನಿನಲ್ಲಿಟ್ಟು ತನಿಖಾಧಿಕಾರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ.